ಎದೆನೋವಿಗೂ ಒಂದು ಚರಿತ್ರೆ

ನಾಗಾವಿ ಗದಗಿಗೆ ಹತ್ತಿರದ ಊರು. ಒಂದು ಕಡೆ ಕಪ್ಪತಗುಡ್ಡದ ಸಾಲು, ಗಾಳಿಯಂತ್ರಗಳು. ಇನ್ನೊಂದು ಕಡೆ ರಾತ್ರಿ ಹೊತ್ತು ಗದಗ-ಬೆಟಗೇರಿಯ ದೀಪಗಳು. ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಬಂದ ಮೇಲೆ ಹೊರಗಿನವರಿಗೂ ಈ ಹೆಸರು ಪರಿಚಯವಾಗಿದೆ. ನಾನು ಇಲ್ಲಿ ಬಂದು ನೆಲೆಸಿ ಕೆಲವು ವರ್ಷವಾಯಿತು. ಮನೆಯ ಮಾಳಿಗೆ ಮೇಲೆ ನಿಂತು ಆ ದೀಪಗಳ ಕಡೆ ನೋಡಿದಾಗಲೆಲ್ಲ ಬೆಟಗೇರಿಯಲ್ಲಿದ್ದ ತಾಯಿಯ ತಂದೆ, ನಮ್ಮ ಅಜ್ಜ, ನೆನಪಾಗುತ್ತಾನೆ.

ಅಜ್ಜ ನೇಕಾರ. ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ನೂಲು ಸಾಹುಕಾರನದು, ಮಗ್ಗ ಅಜ್ಜನದು, ಕೈಗೆ ಬರುವುದು ಸೀರೆಗೆ ಇಷ್ಟೆಂದು ಮಜೂರಿ. ಅಜ್ಜಿ ಕಂಡಿಕೆ ಸುತ್ತುತ್ತಿದ್ದಳು. ಅದಕ್ಕೆ ಯಾರೂ ಮಜೂರಿ ಕೊಡುತ್ತಿರಲಿಲ್ಲ. 1994ರ ಶ್ರಾವಣದಲ್ಲಿ ಒಂದು ಬೆಳಗ್ಗೆ ಅಜ್ಜ ಮಗ್ಗದಿಂದ ಕಾಲು ಮೇಲೆತ್ತಿ, ‘ಎದ್ಯಾಗ ಕಲ್ಲ ಇಟ್ಟಂಗ ಆಗೇತಿ’ ಅಂದ. ಗ್ಯಾಸ್ ಇರಬೇಕೆಂದು ಅಜ್ಜಿ ಸೋಡಾ ತರಿಸಿದಳು. ಕುಡಿದು ಮತ್ತೆ ಮಗ್ಗಕ್ಕಿಳಿದ. ಸಂಜೆಗೆ ಸೀರೆ ಕೊಡಬೇಕಿತ್ತು. ಮಧ್ಯಾಹ್ನ ಅಂಗಿಯೆಲ್ಲ ಬೆವತು ಒದ್ದೆಯಾದ ಮೇಲೆ ಓಣಿಯ ದವಾಖಾನೆಗೆ ಕರೆದೊಯ್ದರು. ಅಲ್ಲಿ ಒಂದು ಇಂಜೆಕ್ಷನ್ ಮಾಡಿ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ‘ಹುಬ್ಬಳ್ಳಿಗೆ ಹೋದ್ರ ಎಷ್ಟ ಆಕ್ಕೈತಿ?’ ಎಂದು ಅಜ್ಜ ಕೇಳಿದನಂತೆ. ನಮ್ಮ ಅವ್ವನಿಗೆ ನೆನಪಿರುವ ಅವನ ಕೊನೆಯ ಸ್ಪಷ್ಟ ಮಾತು ಅದೇ. ಎರಡು ಮನೆ ತಿರುಗಿ ರೊಕ್ಕ ಕೂಡಿಸಿ, ಕಾರು ಗೊತ್ತು ಮಾಡಿ ಹೊರಟಾಗ ದೀಪ ಹಚ್ಚುವ ಹೊತ್ತು. ಅಣ್ಣಿಗೇರಿ ದಾಟಲಿಲ್ಲ.

ಮಣ್ಣು ಕೊಡಲು ಬಂದವರಿಗೆಲ್ಲ ಒಂದೇ ಬೆರಗು. ತುಪ್ಪ ಕಂಡವನಲ್ಲ, ಹೊಟ್ಟೆ ಬಂದವನಲ್ಲ, ಎಲುಬಿನ ಗೂಡಿನಂಥ ಮನುಷ್ಯ. ಅವನಿಗೆ ಹಾರ್ಟ್ ಅಟ್ಯಾಕ್ ಹೇಗಾಯಿತು? ಅದು ಸಾಹುಕಾರರ ಜಡ್ಡಲ್ಲವೇ?

ಈ ಪ್ರಶ್ನೆ ಬೆಟಗೇರಿಯವರದು ಮಾತ್ರವಾಗಿರಲಿಲ್ಲ. ಬಹಳ ಕಾಲ ವೈದ್ಯಲೋಕವೂ ಹೃದಯದ ಕಾಯಿಲೆಯನ್ನು ಜವಾಬ್ದಾರಿ ಹೊತ್ತ ದೊಡ್ಡ ಮನುಷ್ಯರ ಕಾಯಿಲೆ ಎಂದೇ ನಂಬಿತ್ತು. 1967ರಲ್ಲಿ ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳ ಸುಮಾರು 18 ಸಾವಿರ ಗಂಡಸರ ಅಧ್ಯಯನ ಶುರುವಾಯಿತು. ಅದರ ಲೆಕ್ಕಗಳನ್ನು ಮೈಕೆಲ್ ಮಾರ್ಮಟ್ ಬಿಡಿಸಿ ನೋಡಿದಾಗ ಚಿತ್ರ ತಲೆಕೆಳಗಾಗಿತ್ತು. ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತವರು ಮೇಲಧಿಕಾರಿಗಳಲ್ಲ, ಜವಾನರು, ಕಡತ ಹೊರುವವರು. ಮೇಲಿನ ದರ್ಜೆಯವರಿಗಿಂತ ಅವರ ಸಾವಿನ ಪ್ರಮಾಣ ಸುಮಾರು ಮೂರು ಪಟ್ಟು. ಬೀಡಿ-ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಿಡಿದರೂ ಅಂತರದ ದೊಡ್ಡ ಪಾಲು ಹಾಗೆಯೇ ಉಳಿಯಿತು. ನೆನಪಿಡಿ, ಇವರಲ್ಲಿ ಯಾರೂ ಹಸಿದವರಲ್ಲ. ಎಲ್ಲರೂ ಸಂಬಳ ಎಣಿಸುವ ಸರ್ಕಾರಿ ನೌಕರರು.

ನಮ್ಮ ಸೀಮೆಯ ಕಥೆಯಲ್ಲಿ ಹಸಿವೂ ಇದೆ. ಗದಗ 1997ರಲ್ಲಿ ಜಿಲ್ಲೆಯಾಗುವ ಮುನ್ನ ಧಾರವಾಡ ಜಿಲ್ಲೆಯಲ್ಲಿತ್ತು, ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯದಲ್ಲಿ. 1840ರ ದಶಕದಿಂದಲೇ ಇಲ್ಲಿನ ಎರೆ ಹೊಲಗಳಿಗೆ ಅಮೆರಿಕನ್ ಹತ್ತಿ ಬಂತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ತಪ್ಪಿದಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ. ಯುದ್ಧ ಮುಗಿಯಿತು, ಬೆಲೆ ಬಿತ್ತು. ಏರಿದ ಕಾಲದಲ್ಲಿ ಮಾಡಿದ ಸಾಲ ಮಾತ್ರ ಇಳಿಯಲಿಲ್ಲ. ಅದೇ ಗಿರಣಿಗಳ ಬಟ್ಟೆ ಇಲ್ಲಿಗೇ ಮರಳಿ ಬಂದು ಬೆಟಗೇರಿಯಂಥ ಊರುಗಳ ಮಗ್ಗದ ಎದುರು ಕೂತಿತು.

ಅದರ ಬೆನ್ನಿಗೆ 1876-78ರ ಬರ. ಕಾಮಗಾರಿಗೆ ಬಂದ ಬಡವನಿಗೆ ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಸರ್ ರಿಚರ್ಡ್ ಟೆಂಪಲ್ ಕೊಟ್ಟ ಉತ್ತರ ಕುಖ್ಯಾತ: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಚಿಲ್ಲರೆ ಕಾಸು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಅದನ್ನು ತಿಂದು ಕಲ್ಲು ಒಡೆಯಬೇಕು. ಇದೇ ಟೆಂಪಲ್ 1874ರಲ್ಲಿ ಬಿಹಾರದ ಬರದಲ್ಲಿ ಧಾರಾಳವಾಗಿ ಧಾನ್ಯ ತರಿಸಿ ಜನರನ್ನು ಉಳಿಸಿದ್ದ. ದುಂದುಗಾರ ಎಂದು ಮೇಲಿನವರಿಂದ ಬೈಸಿಕೊಂಡಿದ್ದ. ಈ ಸಲ ಬೈಸಿಕೊಳ್ಳದಿರಲು ನಿಶ್ಚಯಿಸಿದಂತಿತ್ತು. ಮದ್ರಾಸಿನ ಸ್ವಚ್ಛತಾ ಕಮಿಷನರ್ ಡಾ. ಕಾರ್ನಿಶ್ ಈ ಪಡಿಯನ್ನು ಬಹಿರಂಗವಾಗಿ ವಿರೋಧಿಸಿದ. ಬೇಳೆಕಾಳಿಲ್ಲದೆ ಬರೀ ಧಾನ್ಯ ತಿಂದು ದುಡಿಯುವ ದೇಹ ಒಳಗಿಂದಲೇ ಕರಗುತ್ತದೆ ಎಂಬುದು ಅವನ ವಾದ. ಮುಂಬೈ ಪ್ರಾಂತ್ಯದಲ್ಲಿ ಕೂಲಿಗಳು ಕಾಮಗಾರಿ ಬಿಟ್ಟು ಎದ್ದುಹೋದದ್ದೂ ಇದೆ. 1881ರ ಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ 1872ಕ್ಕಿಂತ ಕಡಿಮೆ ಇತ್ತು. ಆಮೇಲೆ ಬರ ನಿವಾರಣೆಯ ಹೆಸರಿನಲ್ಲಿ ಬಂದದ್ದು ದಕ್ಷಿಣ ಮರಾಠಾ ರೈಲು. ಗದಗ ಜಂಕ್ಷನ್ ಆಯಿತು. ಹತ್ತಿಗೆ ಅನುಕೂಲವಾದದ್ದಂತೂ ಖರೆ.

ಸಾಲದ ಕಥೆಗೂ ನಮ್ಮಲ್ಲೇ ಒಂದು ಉತ್ತರ ಹುಟ್ಟಿತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದನ್ನು ದೇಶದ ಮೊದಲನೆಯದೆಂದು ಶಾಲೆಯಲ್ಲಿ ಓದಿಸುತ್ತಾರೆ. ಅದನ್ನು ಆರೋಗ್ಯದ ಚರಿತ್ರೆಯಲ್ಲಿ ಯಾರೂ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ನಮ್ಮ ಅಜ್ಜ ಸೀರೆ ಮುಗಿಸಲು ಮತ್ತೆ ಮಗ್ಗಕ್ಕಿಳಿದದ್ದು ಸಾಹುಕಾರನ ಮುಂಗಡದ ಋಣಕ್ಕೆ.

1877ರ ಬರ ಅಜ್ಜನ ಎದೆಗೆ ತಟ್ಟಿತು ಎಂದು ಒಂದೇ ಗೆರೆ ಎಳೆಯುವುದು ಸುಲಭ. ಹಾಗೆ ಎಳೆಯಲಾರೆ. ಆದರೆ ಹಸಿವು ಒಂದು ತಲೆಮಾರಿನಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಸಾಕ್ಷ್ಯ ಬಂದದ್ದು, ವಿಚಿತ್ರವೆಂದರೆ, ನಮ್ಮ ಹತ್ತಿ ಸಾಗಿದ ಆ ಲ್ಯಾಂಕಶೈರಿನಿಂದಲೇ. ಡೇವಿಡ್ ಬಾರ್ಕರ್ ಮತ್ತು ಕ್ಲೈವ್ ಆಸ್ಮಂಡ್ 1986ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಲೆಕ್ಕಗಳನ್ನು ಹೋಲಿಸಿದರು. 1920ರ ದಶಕದಲ್ಲಿ ಎಲ್ಲಿ ಹೆಚ್ಚು ಕೂಸುಗಳು ಸತ್ತಿದ್ದವೋ, ಐವತ್ತು ವರ್ಷದ ನಂತರ ಅಲ್ಲೇ ಹೆಚ್ಚು ಜನ ಹೃದಯದ ಕಾಯಿಲೆಯಿಂದ ಸಾಯುತ್ತಿದ್ದರು. ಮರುವರ್ಷ ಅವರು ಬರ್ನ್‌ಲಿ, ಕೋಲ್ನ್, ನೆಲ್ಸನ್ ಎಂಬ ಅಕ್ಕಪಕ್ಕದ ಮೂರು ಊರುಗಳನ್ನು ಹಿಡಿದರು. ಮೂರೂ ನೇಯ್ಗೆಯ ಊರುಗಳು. ಆದರೂ ಸಾವಿನ ಪ್ರಮಾಣ ಬೇರೆ ಬೇರೆ. ಬರ್ನ್‌ಲಿಯ ತಾಯಂದಿರು ತಲೆಮಾರುಗಳಿಂದ ಗಿರಣಿಯಲ್ಲಿ ದುಡಿದು, ಇಕ್ಕಟ್ಟಿನ ಮನೆಗಳಲ್ಲಿ ಬೆಳೆದು ಸೊರಗಿದವರು. ನೆಲ್ಸನ್ನಿಗೆ ಬಂದವರು ಹಳ್ಳಿಗಾಡಿನಲ್ಲಿ ಉಂಡು ಬೆಳೆದವರು. ತಾಯಿಯ ಮೈ ಹೇಗಿತ್ತೋ ಅದರ ಗುರುತು ಮಕ್ಕಳ ಐವತ್ತನೆಯ ವಯಸ್ಸಿನಲ್ಲೂ ಉಳಿದಿತ್ತು.

ಇದು ಬಿಳಿಯರ ಊರಿನ ಮಾತು ಎನ್ನುವಂತಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಹಳಬರು ಮಿಷನ್ ಆಸ್ಪತ್ರೆ ಎನ್ನುತ್ತಾರಲ್ಲ ಅಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಯಾವ ಸಂಶೋಧನೆಯ ಕನಸೂ ಇಲ್ಲದೆ, ದಿನದ ಕೆಲಸವೆಂದು ಬರೆದವರು ಅವರು. ಅಲ್ಲಿ 1934ರಿಂದ 1954ರೊಳಗೆ ಹುಟ್ಟಿ ಇನ್ನೂ ಮೈಸೂರಿನ ಸುತ್ತಲೇ ಇದ್ದ 517 ಜನರನ್ನು ಹುಡುಕಿ ಎದೆ ಪರೀಕ್ಷಿಸಿದ ವರದಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಜನರಿಗೆ ಹೃದ್ರೋಗ. ಮೂರು ಕಿಲೋಗಿಂತ ಚೆನ್ನಾಗಿ ತೂಗಿದವರಲ್ಲಿ ಶೇ. 3. ಕೂಸಿನ ತೂಕವೂ ಕಡಿಮೆ, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದಲ್ಲಿ ಶೇ. 20. ನಾನು ಈ ಅಂಕಿ ಮೊದಲು ಓದಿದ ದಿನ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ. ಅಜ್ಜ ಹುಟ್ಟಿದ್ದು ಅದೇ ಕಾಲದಲ್ಲಿ. ಅವನ ತೂಕ ಬರೆದಿಡುವವರು ಬೆಟಗೇರಿಯ ಆ ಮನೆಯಲ್ಲಿ ಇರಲಿಲ್ಲ. ಅವನ ತಾಯಿ ಹೆರಿಗೆಯ ಹಿಂದಿನ ದಿನದವರೆಗೂ ಕಂಡಿಕೆ ಸುತ್ತಿದ್ದಳು ಎಂಬ ಮನೆಮಾತು ಮಾತ್ರ ಉಳಿದಿದೆ.

ಹುಟ್ಟಿನ ಕಥೆ ಹೀಗಾದರೆ ಸಾಯುವ ದಿನದ ಕಥೆ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡೆನಿಸ್ ಕ್ಸೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ಅಧ್ಯಯನ ದೇಶದ 50 ನಗರಗಳ 89 ಆಸ್ಪತ್ರೆಗಳಿಗೆ ಬಂದ 20,468 ಹೃದ್ರೋಗಿಗಳದು. ಎದೆನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಮ ಅವಧಿ 360 ನಿಮಿಷ. ಆರು ತಾಸು! ಆಸ್ಪತ್ರೆಯೊಳಗೆ ಹೋದ ಮೇಲೆ ಹೆಪ್ಪು ಕರಗಿಸುವ ಔಷಧಿ ಸಿಗಲು ಹಿಡಿದದ್ದು 50 ನಿಮಿಷ. ತಿಂಗಳೊಳಗೆ ಸತ್ತವರು ಬಡವರಲ್ಲಿ ಶೇ. 8.2, ಶ್ರೀಮಂತರಲ್ಲಿ ಶೇ. 5.5. ಬಡವರ ಕಾಯಿಲೆ ಹೆಚ್ಚು ಕೆಟ್ಟದ್ದಿತ್ತೇ ಎಂದು ನೋಡಿದರು, ಅಂತರ ಹೋಗಲಿಲ್ಲ. ಸಿಕ್ಕ ಚಿಕಿತ್ಸೆಯನ್ನು ಲೆಕ್ಕ ಹಿಡಿದಾಗ ಅಂತರ ಮಾಯವಾಯಿತು. ಎಂದರೆ ಅದೇ ಔಷಧಿ, ಅದೇ ಆರೈಕೆ ಸಿಕ್ಕಿದ್ದರೆ ಬಡವನೂ ಶ್ರೀಮಂತನಷ್ಟೇ ಬದುಕುತ್ತಿದ್ದ. ಅದೇ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 2014ರಲ್ಲಿ ಬಂದ ‘ಪ್ಯೂರ್’ ವರದಿಯೂ ಇದನ್ನೇ ದೇಶದೇಶಗಳ ನಡುವೆ ಕಂಡಿತು: ಅಪಾಯದ ಅಂಶಗಳು ಶ್ರೀಮಂತ ದೇಶಗಳಲ್ಲಿ ಹೆಚ್ಚು, ಸಾವು ಬಡ ದೇಶಗಳಲ್ಲಿ ಹೆಚ್ಚು.

ಹಾಗಾದರೆ ರೊಕ್ಕದ ಪ್ರಶ್ನೆ ತೆಗೆದುಹಾಕಿದರೆ ಏನಾಗುತ್ತದೆ? ಇದನ್ನು ಕರ್ನಾಟಕವೇ ತಿಳಿಯದೆ ಪರೀಕ್ಷಿಸಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡ ಕುಟುಂಬಗಳಿಗೆ ಹೃದಯ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತ ಮಾಡಿದಾಗ ಅದು ಮೊದಲು ಬಂದದ್ದು ಉತ್ತರದ ಜಿಲ್ಲೆಗಳಿಗೆ. ಗಡಿಯ ಈಚೆ ಯೋಜನೆ ಇದ್ದ ಹಳ್ಳಿಗಳನ್ನೂ ಆಚೆ ಇಲ್ಲದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಸತ್ತವರು ಈಚೆ ಶೇ. 0.32, ಆಚೆ ಶೇ. 0.90. ನೀರು, ಮಣ್ಣು, ಊಟ ಒಂದೇ. ನಡುವೆ ಇದ್ದದ್ದು ಆಡಳಿತದ ಒಂದು ಗೆರೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ಹೋದಾಗ ಇಡೀ ನಾಡು ಎದೆ ಮುಟ್ಟಿ ನೋಡಿಕೊಂಡಿತು. ವಾರಗಟ್ಟಲೆ ಜಿಮ್‌ನದೇ ಚರ್ಚೆ. ಮಗ್ಗದ, ಹಮಾಲಿಯ, ಟಂಟಂ ಓಡಿಸುವವರ ಎದೆಯ ಮಾತು ಅಲ್ಲಿ ಬರಲೇ ಇಲ್ಲ ಎಂಬುದು ನನ್ನ ತಕರಾರು. ಆದರೂ ಅವರ ಹೆಸರಿನಲ್ಲಿ 2023ರಲ್ಲಿ ಬಂದ ಹೃದಯಜ್ಯೋತಿ ಯೋಜನೆ ಸರಿಯಾದ ಜಾಗಕ್ಕೆ ಕೈ ಹಾಕಿದೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಕ್ರಮ. ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಯವನಿಗೆ ಹುಬ್ಬಳ್ಳಿಯ ದಾರಿ ಎಷ್ಟು ಉದ್ದ ಎಂದು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಹಳ್ಳಿಯಿಂದ ತಾಲೂಕಿಗೆ ಬರುವುದು, ಬರುವ ಮುನ್ನ ಸೋಡಾ ಕುಡಿದು ಕಾಯುವುದು, ಆ ದಿನದ ಕೂಲಿ ಬಿಡಲಾರದೆ ನೋವು ನುಂಗುವುದು ಇವೆಲ್ಲ ಇನ್ನೂ ಬಾಕಿ ಇವೆ.

ಹೋದ ತಿಂಗಳು ತಂಗಿಗೆ ಹೆರಿಗೆಯಾಯಿತು. ಅವಳು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದಲ್ಲಿದ್ದವಳು, ಏಳನೇ ತಿಂಗಳವರೆಗೂ ಹೋದಳು. ಬಾಣಂತಿಯ ಕೋಣೆಯಲ್ಲಿ ಅವ್ವ ತಾಯಿ ಕಾರ್ಡು ನನ್ನ ಕೈಗೆ ಕೊಟ್ಟು, ಕಣ್ಣು ಸರಿಯಾಗಿ ಕಾಣುವುದಿಲ್ಲ, ಏನು ಬರೆದಾರೆ ಓದು ಅಂದಳು. ಕೂಸಿನ ತೂಕ 2.4 ಎಂದಿತ್ತು. ‘ಅಜ್ಜನ ಮಾರಿ ಬಂದೈತಿ ನೋಡು’ ಅಂದಳು ಅವ್ವ. ನಾನು ಕಾರ್ಡಿನ ಹಿಂದಿನ ಪುಟದಲ್ಲಿ ತಂಗಿಯ ತೂಕ ಹುಡುಕುತ್ತಿದ್ದೆ.