1800 ಮತ್ತು 1860: ಒಳಬರುವ ಕರೆಯ ವೆಚ್ಚದ ಹೊಣೆ

ಟೋಲ್ ಫ್ರೀ ಸಂಖ್ಯೆಗೆ ಬರುವ ಕರೆಯ ಶುಲ್ಕವನ್ನು ಆ ಸಂಖ್ಯೆ ಪಡೆದ ಸಂಸ್ಥೆಯೇ ಭರಿಸುತ್ತದೆ. ಹಂಚಿಕೆ ವೆಚ್ಚದ ಸಂಖ್ಯೆಯಲ್ಲಿ ಗ್ರಾಹಕರು ಸ್ಥಳೀಯ ಕರೆಯ ದರವನ್ನಷ್ಟೇ ಕೊಡುತ್ತಾರೆ, ಮಿಕ್ಕದ್ದು ಸಂಸ್ಥೆಯ ಲೆಕ್ಕಕ್ಕೆ ಸೇರುತ್ತದೆ. ಭಾರತದಲ್ಲಿ ಮೊದಲ ಬಗೆಯವು 1800ರಿಂದ, ಎರಡನೆಯ ಬಗೆಯವು 1860ರಿಂದ ಆರಂಭವಾಗುತ್ತವೆ. ಮೇಲ್ನೋಟಕ್ಕೆ ಇದು ದರಪಟ್ಟಿಯ ಸಂಗತಿ. ಆದರೆ ಗ್ರಾಹಕರನ್ನು ಕಾಯಿಸಿದ ಹೊತ್ತಿಗೆ ಹಣ ತೆರುವವರು ಯಾರು ಎಂಬ ಪ್ರಶ್ನೆಯೂ ಇದರೊಳಗಿದೆ.

ಇಂಥ ಸಂಖ್ಯೆ ಯಾವುದೇ ಒಂದು ಟೆಲಿಫೋನ್ ಲೈನಿಗೆ ಸೇರಿದ್ದಲ್ಲ. ಕರೆ ಬಂದಾಗ ಎಕ್ಸ್‌ಚೇಂಜು ಅದನ್ನು ಕ್ಷಣಕಾಲ ತಡೆದು, ಕೇಂದ್ರ ದತ್ತಸಂಚಯವನ್ನು ವಿಚಾರಿಸುತ್ತದೆ. ಕರೆ ಎಲ್ಲಿಂದ ಬಂತು, ಈಗ ಹಗಲೋ ರಾತ್ರಿಯೋ, ಯಾವ ಕಚೇರಿ ತೆರೆದಿದೆ ಎಂಬುದನ್ನು ನೋಡಿ ದತ್ತಸಂಚಯ ನಿಜವಾದ ಸಂಖ್ಯೆಯನ್ನು ಕೊಡುತ್ತದೆ. ಬಿಲ್ಲು ಯಾರ ಹೆಸರಿಗೆ ಎಂಬುದೂ ಆಗಲೇ ತೀರ್ಮಾನವಾಗುತ್ತದೆ.

ಅಮೆರಿಕದಲ್ಲಿ ಮೊದಲು ಈ ಕೆಲಸ ಆಪರೇಟರುಗಳದಾಗಿತ್ತು. ಗ್ರಾಹಕರು 'ಜೆನಿತ್' ಸಂಖ್ಯೆಯನ್ನು ಹೇಳಿದರೆ ಆಪರೇಟರು ಪಟ್ಟಿ ನೋಡಿ ಕರೆ ಜೋಡಿಸುತ್ತಿದ್ದರು. 1967ರಲ್ಲಿ ದೂರವಾಣಿ ಕಂಪನಿ ಎಟಿ&ಟಿ 800 ಸಂಖ್ಯೆಗಳನ್ನು ತಂದ ಮೇಲೆ ಆಪರೇಟರಿನ ನೆರವು ಬೇಕಾಗಲಿಲ್ಲ. ದತ್ತಸಂಚಯದ ಮೂಲಕ ಕರೆ ಹರಿಸುವ ವಿಧಾನಕ್ಕೆ ಬೆಲ್ ಲ್ಯಾಬ್ಸ್‌ನ ರಾಯ್ ವೆಬರ್ ಅವರ ಹೆಸರಿನಲ್ಲಿ 1980ರಲ್ಲಿ ಪೇಟೆಂಟ್ ದೊರೆಯಿತು. 1993ರಿಂದ ಸಂಸ್ಥೆಗಳು ಸಂಖ್ಯೆಯನ್ನು ಉಳಿಸಿಕೊಂಡೇ ದೂರವಾಣಿ ಕಂಪನಿಯನ್ನು ಬದಲಾಯಿಸಬಹುದಾಯಿತು. ಬೇಡಿಕೆ ಏರಿ, 1996ರಲ್ಲಿ 888 ಶ್ರೇಣಿಯನ್ನೂ ತೆರೆಯಬೇಕಾಯಿತು.

ವೆಚ್ಚದ ಹೊಣೆ ಸಂಸ್ಥೆಯ ನಡವಳಿಕೆಯನ್ನೇ ಬದಲಿಸುತ್ತದೆ ಎಂಬುದಕ್ಕೆ ಬ್ರಿಟನ್ ಒಳ್ಳೆಯ ನಿದರ್ಶನ. ಅಲ್ಲಿ ಸ್ಥಿರ ದೂರವಾಣಿಯಿಂದ 0800 ಉಚಿತವಾಗಿತ್ತು. 0870 ಸಂಖ್ಯೆಗಳಿಗೆ ಕರೆ ಮಾಡಿದವರು ತೆತ್ತ ಹಣದಲ್ಲಿ ಒಂದು ಪಾಲು ಕರೆ ಸ್ವೀಕರಿಸಿದ ಸಂಸ್ಥೆಗೇ ಮರಳುತ್ತಿತ್ತು. ಉಚಿತ ಸಂಖ್ಯೆಯಲ್ಲಿ ಗ್ರಾಹಕರನ್ನು ಹೆಚ್ಚು ಹೊತ್ತು ಕಾಯಿಸಿದರೆ ಸಂಸ್ಥೆಗೆ ನಷ್ಟ. 0870ರಲ್ಲಿ ಕಾಯಿಸಿದಷ್ಟೂ ಆದಾಯ. ದೂರು ಹೇಳಲು ಬಂದವರಿಂದಲೇ ದುಡ್ಡು ಗಳಿಸುವ ಈ ಏರ್ಪಾಡು ಬಹುಕಾಲ ನಡೆಯಿತೆಂಬುದೇ ಅಚ್ಚರಿ. ಇದನ್ನು ಸರಿಪಡಿಸಲು ನಿಯಂತ್ರಕರೂ ಸರ್ಕಾರವೂ ಹಲವು ಹೆಜ್ಜೆ ಇಡಬೇಕಾಯಿತು. 2007ರಲ್ಲಿ ಸಾಮಾನ್ಯ ದರದ, ಆದಾಯ ಹಂಚಿಕೆಗೆ ಅವಕಾಶವಿಲ್ಲದ 03 ಶ್ರೇಣಿ ಬಂತು. 2014ರ ಜೂನ್‌ನಿಂದ, ಸರಕು ಕೊಂಡವರ ಸಹಾಯವಾಣಿಗೆ ಮೂಲ ದರಕ್ಕಿಂತ ಹೆಚ್ಚು ವಸೂಲಿ ಮಾಡುವುದನ್ನು ಬಹುಪಾಲು ವ್ಯಾಪಾರಗಳಲ್ಲಿ ನಿಷೇಧಿಸಲಾಯಿತು. ಮೊಬೈಲಿನಿಂದ 0800ಕ್ಕೆ ಮಾಡುವ ಕರೆ ಉಚಿತವಾದದ್ದು 2015ರ ಜುಲೈನಲ್ಲಿ.

ಭಾರತದ ತೊಡಕು ಬೇರೆ ಬಗೆಯದು. ಇಲ್ಲಿಯ ಉಚಿತ ಸಂಖ್ಯೆಗಳು ಮೊದಲು 1600ರಿಂದ ಆರಂಭವಾಗುತ್ತಿದ್ದವು. ಬಿಎಸ್‌ಎನ್‌ಎಲ್, ಎಂಟಿಎನ್‌ಎಲ್ ಲೈನುಗಳಿಂದ ಮಾತ್ರ ಉಚಿತ ಎಂದು ಜಾಹೀರಾತುಗಳಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತಿದ್ದುದರಿಂದ, ಮೊಬೈಲಿನವರಿಗಾಗಿ ಇನ್ನೊಂದು ಸಂಖ್ಯೆಯನ್ನೂ ಕೊಡಬೇಕಾಗುತ್ತಿತ್ತು. 1860 ಸಂಖ್ಯೆಗೆ ಅರ್ಥವಿದ್ದದ್ದು ದೂರದ ಊರಿನ ಎಸ್‌ಟಿಡಿ ಕರೆ ದುಬಾರಿಯಾಗಿದ್ದ ಕಾಲದಲ್ಲಿ: ಬೀದರಿನವರು ಮುಂಬೈ ಕಚೇರಿಗೆ ಸ್ಥಳೀಯ ದರದಲ್ಲೇ ಮಾತಾಡಬಹುದಿತ್ತು. 2006ರಲ್ಲಿ 'ಒನ್ ಇಂಡಿಯಾ' ಯೋಜನೆ ದೇಶದೊಳಗೆ ನಿಮಿಷಕ್ಕೆ ಒಂದು ರೂಪಾಯಿ ಎಂದಾಗ ಸ್ಥಳೀಯ ಮತ್ತು ಎಸ್‌ಟಿಡಿ ದರಗಳ ಅಂತರ ಕುಗ್ಗಿತು. 2016ರ ನಂತರ ಮಾಸಿಕ ಪ್ಯಾಕುಗಳಲ್ಲೇ ಮಾತು ಅಡಕವಾದಾಗ ಹಂಚಿಕೊಳ್ಳಲು ವೆಚ್ಚವೇ ಹೆಚ್ಚೇನೂ ಉಳಿಯಲಿಲ್ಲ.

ಇದರ ನಡುವೆ ಗ್ರಾಹಕರು ತಮ್ಮದೇ ಉಪಾಯ ಕಂಡುಕೊಂಡಿದ್ದರು. ಅದೇ ಮಿಸ್ಡ್ ಕಾಲ್. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್ ಕಂಪನಿ ಇದನ್ನೇ ವ್ಯಾಪಾರವಾಗಿಸಿತು. ಜಾಹೀರಾತಿನ ಸಂಖ್ಯೆಗೆ ರಿಂಗ್ ಕೊಟ್ಟರೆ ಕರೆ ತಾನಾಗಿ ಕಡಿದುಹೋಗುತ್ತಿತ್ತು. ಮಾಹಿತಿ ಎಸ್‌ಎಂಎಸ್ ಆಗಿಯೋ ಮರುಕರೆಯಾಗಿಯೋ ಬರುತ್ತಿತ್ತು. 2015ರಲ್ಲಿ ಟ್ವಿಟರ್ ಈ ಕಂಪನಿಯನ್ನು ಕೊಂಡಿತು.

ಶುಲ್ಕದ ಆಕರ್ಷಣೆ ಇಳಿದರೂ 1800 ಸಂಖ್ಯೆಗಳು ಉಳಿದಿರುವುದಕ್ಕೆ ಕಾರಣ, ಕರೆಯನ್ನು ಬೇಕಾದ ಕಡೆ ತಿರುಗಿಸುವ ಅವುಗಳ ಶಕ್ತಿ. ಕಚೇರಿ ಬದಲಾದರೂ ಸಂಖ್ಯೆ ಬದಲಾಗಬೇಕಿಲ್ಲ. ವ್ಯಾಪಾರದ ಸಂಸ್ಥೆಯಲ್ಲವಾದರೂ 2004ರಲ್ಲಿ ಶುರುವಾದ ಕಿಸಾನ್ ಕಾಲ್ ಸೆಂಟರ್ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ: ಇಡೀ ದೇಶಕ್ಕೆ ಒಂದೇ ಸಂಖ್ಯೆಯಿದ್ದರೂ ಕರ್ನಾಟಕದ ರೈತರ ಕರೆಗೆ ಕನ್ನಡದಲ್ಲೇ ಉತ್ತರ ಸಿಗುತ್ತದೆ.