ಟೀಸಿ ತಗೊಂಡು ಬಂದವರು

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನ ವಾಲಿಬಾಲ್ ಟೀಮಿಗೆ ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಹುಡುಗ ಬಂದ. ಆರಡಿ ಮೇಲಿದ್ದ. ಅವನು ನೆಟ್ ಹತ್ತಿರ ನಿಂತು ಕೈ ಎತ್ತಿದರೆ ಸಾಕು, ಎದುರು ಟೀಮಿನವರು ಒಂದು ಹೆಜ್ಜೆ ಹಿಂದೆ ಹೋಗೋರು. ಬೇರೆ ಕಾಲೇಜಲ್ಲಿ ಓದುತ್ತಿದ್ದವನಿಗೆ ಟೀಸಿ ತೆಗೆಸಿ ನಮ್ಮಲ್ಲಿಗೆ ಕರೆತಂದಿದ್ದರು. ಫೀಸು ಇಲ್ಲ, ಹಾಸ್ಟೆಲ್ ಫ್ರೀ, ಊಟ ಫ್ರೀ. ಅವನು ಒಳಗೆ ಬಂದಿದ್ದಕ್ಕೆ ಟೀಮಿನಿಂದ ಹೊರಗೆ ಕೂತವನು ನಾನು.

ಹೊಟ್ಟೆ ಉರಿಯದೆ ಇರುತ್ತಾ? ‘ಹೊರಗಿನವನನ್ನ ಕರ್ಕೊಂಡು ಬಂದು ಗೆದ್ರೆ ಅದ್ಯಾವ ಸೀಮೆ ಗೆಲುವು?’ ಅಂತ ಕ್ಯಾಂಟೀನಿನಲ್ಲಿ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ತಿರುಗಿದೆ. ನನ್ನೂರು ತುರುವೇಕೆರೆ ತಾಲ್ಲೂಕು. ಕಾಲೇಜಿದ್ದದ್ದು ತಿಪಟೂರಿನಲ್ಲಿ. ದಿನಾ ಬಸ್ಸಲ್ಲಿ ಹೋಗಿ ಬರುತ್ತಿದ್ದ ನಾನೂ ಆ ಊರಿಗೆ ಹೊರಗಿನವನೇ ಅನ್ನೋದು ಆಗ ತಲೆಗೆ ಹೊಳೆಯಲಿಲ್ಲ.

ಈ ಹಳೇ ಹೊಟ್ಟೆಕಿಚ್ಚು ಮತ್ತೆ ನೆನಪಾಗಿದ್ದು ಅಮೆರಿಕದ ಕಾಲೇಜ್ ಫುಟ್‌ಬಾಲ್ ಬಗ್ಗೆ ಓದುವಾಗ. ಅಲ್ಲಿನ ಫುಟ್‌ಬಾಲ್ ಅಂದರೆ ಕೈಯಲ್ಲಿ ಚೆಂಡು ಹಿಡಿದು ಗುದ್ದಾಡಿಕೊಂಡು ಓಡೋ ಆಟ, ನಮ್ಮ ಫುಟ್‌ಬಾಲ್ ಬೇರೆ. ಆದರೆ ಕಥೆ ಒಂದೇ. 2018ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ‘ಟ್ರಾನ್ಸ್‌ಫರ್ ಪೋರ್ಟಲ್’ ಅಂತ ಶುರು ಮಾಡಿತು. ಕಾಲೇಜು ಬದಲಿಸಬೇಕು ಅನ್ನೋ ಆಟಗಾರ ಅದರಲ್ಲಿ ಹೆಸರು ಹಾಕಿಸಿದರೆ ಬೇರೆ ಕಾಲೇಜಿನ ಕೋಚ್‌ಗಳು ಅವನನ್ನು ಕರೆಯಬಹುದು. ಒಂದು ಲೆಕ್ಕದಲ್ಲಿ ಆನ್‌ಲೈನ್ ಟೀಸಿ. 2021ರಲ್ಲಿ ನಿಯಮ ಇನ್ನೂ ಸಡಿಲವಾಯಿತು. 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಇಂಡಿಯಾನಾ ವಿಶ್ವವಿದ್ಯಾಲಯದ ಟೀಮಿಗೆ ಹೊಸ ಕೋಚ್ ಬಂದರು. ತಮ್ಮ ಹಳೇ ಕಾಲೇಜಿನಿಂದ 13 ಹುಡುಗರನ್ನೂ ಜೊತೆಗೆ ಕರೆತಂದರು. 2024ರಲ್ಲಿ ಅದೇ ಟೀಮ್ ಗೆದ್ದಿದ್ದು 11 ಪಂದ್ಯ.

ಇದು ಅಮೆರಿಕದವರ ಹೊಸ ಚಾಳಿ ಅಂದುಕೊಳ್ಳಬೇಡಿ. ಬೆಂಗಳೂರಿನ ಫುಟ್‌ಬಾಲ್ ಇತಿಹಾಸ ತೆರೆದು ನೋಡಿದರೆ ಅದು ಪೂರ್ತಿ ಹೀಗೆ ಹೋದವರು ಮತ್ತು ಬಂದವರ ಕಥೆ. ಸುಮಾರು ತೊಂಬತ್ತು ವರ್ಷದ ಕಥೆ.

ಅದಕ್ಕೂ ಮುಂಚೆ ಒಂದು ಮಾತು. ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದೇ ಕಂಟೋನ್ಮೆಂಟಿನ ಬಿಳಿ ಸೈನಿಕರ ಜೊತೆ. 1809ರಲ್ಲಿ ದಂಡುಪ್ರದೇಶ ಶುರುವಾದ ಮೇಲೆ ಸೈನ್ಯದ ಕೆಲಸಕ್ಕೆ, ವ್ಯಾಪಾರಕ್ಕೆ ಅಂತ ಮದ್ರಾಸು ಕಡೆಯಿಂದ ಸಾವಿರಾರು ಜನ ಬಂದು ಇಲ್ಲೇ ನೆಲೆ ನಿಂತರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನಿನ ಗಲ್ಲಿಗಳಲ್ಲಿ ಹುಡುಗರು ಬರಿಗಾಲಲ್ಲಿ ಚೆಂಡು ಒದೆಯೋದು ಕಲಿತರು. ಗೌತಮಪುರದಲ್ಲಿ ಇವತ್ತಿಗೂ ಬುದ್ಧ, ಅಂಬೇಡ್ಕರ್ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ. ಅಂದರೆ ನಾವು ‘ಅಪ್ಪಟ ಬೆಂಗಳೂರು ಫುಟ್‌ಬಾಲ್’ ಅಂತ ಕರೆಯೋದರ ಬೇರೇ ವಲಸೆ ಬಂದವರ ಮನೆಗಳಲ್ಲಿದೆ.

ಈ ಮೈದಾನಗಳ ಮೇಲೆ ಮೊದಲು ಕಣ್ಣು ಹಾಕಿದ್ದು ಕಲ್ಕತ್ತ. ಅಲ್ಲಿನ ಲೀಗ್ 1898ರಲ್ಲೇ ಶುರುವಾಗಿತ್ತು. ಮೂವತ್ತೈದು ವರ್ಷ ಕಳೆದರೂ ಭಾರತೀಯರ ಒಂದು ಟೀಮೂ ಅದನ್ನು ಗೆದ್ದಿರಲಿಲ್ಲ. 1934ರಲ್ಲಿ ಮೊದಲ ಡಿವಿಷನ್‌ಗೆ ಆಗಷ್ಟೇ ಏರಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬು ಅದೇ ವರ್ಷ ಲೀಗ್ ಗೆದ್ದುಬಿಟ್ಟಿತು. ಅಷ್ಟಕ್ಕೇ ನಿಲ್ಲದೆ 1938ರವರೆಗೆ ಸತತ ಐದು ಸಲ ಗೆದ್ದಿತು. ಹೇಗೆ? ಮಳೆ ಬಿದ್ದು ಕೆಸರಾದ ಮೈದಾನದಲ್ಲಿ ಬೂಟು ಹಾಕಿಸಿ ಆಡಿಸಿದ್ದು ಒಂದು ಕಾರಣ. ಇನ್ನೊಂದು, ಆ ಕ್ಲಬ್ಬು ಬಂಗಾಳದ ಹುಡುಗರನ್ನೇ ನೆಚ್ಚಿ ಕೂರಲಿಲ್ಲ. ದೇಶದ ಮೂಲೆ ಮೂಲೆಯಿಂದ ಆಟಗಾರರನ್ನು ಹುಡುಕಿ ತಂದರು. ಅದರಲ್ಲಿ ಬೆಂಗಳೂರಿನವರ ಪಾಲು ದೊಡ್ಡದು. ಎರಡು ದಿನ ರೈಲಲ್ಲಿ ಕೂತು, ಭಾಷೆ ಬಾರದ ಊರಲ್ಲಿ ಇಳಿದು, ಆ ಊರಿಗೆ ಕಪ್ಪು ಗೆದ್ದುಕೊಟ್ಟವರು ಅವರು.

ಇಷ್ಟು ಜನ ಹೊರಟುಹೋದರೆ ಇಲ್ಲಿ ಏನು ಉಳಿಯುತ್ತೆ ಅನಿಸುತ್ತೆ ಅಲ್ವಾ? ಉಳಿದವರು ಏನು ಮಾಡಿದರು ನೋಡಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಬ್ರಿಟಿಷ್ ಸೈನ್ಯದ ಟೀಮುಗಳ ಸ್ವತ್ತಾಗಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅವರೇ ಗೆದ್ದರು. 1940ರಲ್ಲಿ ಮತ್ತೆ ಫೈನಲ್ ತಲುಪಿದಾಗ ಎದುರಿಗೆ ನಿಂತದ್ದು ಯಾರು ಅಂತೀರಿ? ಅದೇ ಮೊಹಮ್ಮಡನ್ ಸ್ಪೋರ್ಟಿಂಗ್! ಆ ಸಲ ಕಪ್ ಕಲ್ಕತ್ತೆಗೆ ಹೋಯಿತು.

ಎರಡನೇ ಸುತ್ತು ಶುರುವಾದದ್ದು ಸ್ವಾತಂತ್ರ್ಯ ಬಂದ ಮೇಲೆ. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 2–1ರಿಂದ ಸೋತಿತು. ಆ ಪಂದ್ಯದಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಟೀಮಿನಲ್ಲಿ ಬೆಂಗಳೂರಿನ ಇನ್ನೊಬ್ಬ ಹುಡುಗ ಅಹ್ಮದ್ ಖಾನ್ ಇದ್ದರು. ಫುಟ್‌ಬಾಲ್ ಮನೆತನ ಅವರದ್ದು, ತಂದೆಯೂ ಇಲ್ಲಿನ ಕ್ಲಬ್ಬಿನಲ್ಲಿ ಆಡಿದವರೇ. ಚೆಂಡು ಅವರ ಕಾಲಿಗೆ ಸಿಕ್ಕರೆ ಹಾವಾಡಿಗನ ಪುಂಗಿಗೆ ಸಿಕ್ಕ ಹಾವಿನ ಹಾಗೆ ಹೇಳಿದಂತೆ ಕೇಳುತ್ತಿತ್ತಂತೆ. ಅದಕ್ಕೇ ಅವರಿಗೆ ಹಾವಾಡಿಗ ಅಂತಲೇ ಹೆಸರು ಬಿತ್ತು.

ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಗುಹ 1949ರಲ್ಲಿ ಅಹ್ಮದ್ ಖಾನರನ್ನು ಕರೆಸಿಕೊಂಡರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಮುಂದಿನ ಸಾಲಿನ ಈ ಐವರೂ ದಕ್ಷಿಣದವರು. ಬಂಗಾಳಿಗಳು ಅವರನ್ನು ‘ಪಂಚಪಾಂಡವರು’ ಅಂತ ಕರೆದರು. ಆ ಒಂದೇ ವರ್ಷ ಕ್ಲಬ್ಬು ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಮೂರನ್ನೂ ಗೆದ್ದಿತು. ಶೀಲ್ಡ್ ಅಂತೂ 1949, 1950, 1951, ಸತತ ಮೂರು ವರ್ಷ.

ಇಲ್ಲಿ ಒಂದು ವಿಷಯ ಗಮನಿಸಿ. ದೇಶ ವಿಭಜನೆ ಆಗಿ ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ನಿರಾಶ್ರಿತರ ಪಾಲಿಗೆ ಈಸ್ಟ್ ಬೆಂಗಾಲ್ ಅನ್ನೋದು ಬರೀ ಕ್ಲಬ್ಬಾಗಿರಲಿಲ್ಲ. ‘ನಾವೂ ಇದೀವಿ’ ಅಂತ ಹೇಳಿಕೊಳ್ಳೋಕೆ ಅವರಿಗಿದ್ದ ಒಂದು ಜಾಗ ಅದು. ಅಂಥ ಜನರ ಹೆಮ್ಮೆಯನ್ನು ಹೊತ್ತು ಓಡಿದವರಲ್ಲಿ ಬಂಗಾಳಿ ಮಾತೃಭಾಷೆಯಲ್ಲದ ಈ ಐವರಿದ್ದರು. ‘ಇವರು ನಮ್ಮವರಾ?’ ಅಂತ ಕೇಳಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಅವರು ಕೇಳಲಿಲ್ಲ, ಇಟ್ಟುಕೊಂಡರು. ಅಹ್ಮದ್ ಖಾನ್ 1959ರವರೆಗೂ ಅಲ್ಲೇ ಆಡಿದರು. ಹತ್ತು ವರ್ಷ! 2017ರಲ್ಲಿ ಅವರು ತೀರಿಕೊಂಡಿದ್ದು ಬೆಂಗಳೂರಿನಲ್ಲಿ, ತೊಂಬತ್ತರ ವಯಸ್ಸಿನಲ್ಲಿ. ನಮ್ಮಲ್ಲಿ ಎಷ್ಟು ಜನಕ್ಕೆ ಆ ಸುದ್ದಿ ಗೊತ್ತಾಯಿತು?

ಹಾಗಾದರೆ ಹೋಗುವವರನ್ನು ಇಲ್ಲೇ ಹಿಡಿದಿಡೋಕೆ ಬೆಂಗಳೂರಿನ ಹತ್ತಿರ ಏನಿತ್ತು? ಕಾರ್ಖಾನೆಗಳಿದ್ದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಡ್ಯೂಟಿ, ಸಂಜೆ ಪ್ರಾಕ್ಟೀಸು, ತಿಂಗಳಾದರೆ ಸಂಬಳ, ವಯಸ್ಸಾದ ಮೇಲೆ ಪಿಎಫ್. ಕಾಲು ಮುರಿದರೂ ಕೆಲಸ ಹೋಗಲ್ಲ ಅನ್ನೋ ಧೈರ್ಯ. ಕೇರಳ, ತಮಿಳುನಾಡು ಕಡೆಯಿಂದಲೂ ಆಟಗಾರರು ಈ ಟೀಮುಗಳಿಗೆ ಬಂದರು, ಕ್ವಾರ್ಟರ್ಸ್ ಹಿಡಿದರು, ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕಿದರು. ಮೊದಲ ಪೀಳಿಗೆಯವರು ಬಂದವರಾದರೆ, ಎರಡನೇ ಪೀಳಿಗೆಯವರು ಇಲ್ಲಿಯವರೇ ಆಗಿಹೋದರು.

ಇದರ ಫಲ ಕಂಡಿತು. 1952–53ರಲ್ಲಿ ಮೈಸೂರಿಗೆ ಇನ್ನೊಂದು ಸಂತೋಷ್ ಟ್ರೋಫಿ ಬಂತು. 1967–68 ಮತ್ತು 1968–69ರಲ್ಲಿ ಬೆನ್ನುಬೆನ್ನಿಗೆ ಎರಡು ಬಂದವು. ನಾಲ್ಕೂ ಫೈನಲ್‌ಗಳಲ್ಲಿ ಸೋತದ್ದು ಬಂಗಾಳ. ನಮ್ಮ ಹುಡುಗರನ್ನು ಕರೆದೊಯ್ದಿದ್ದ ಊರಿಗೆ ಕೊಟ್ಟ ಉತ್ತರ ಅಂತ ನಾನು ಖುಷಿಗೆ ಅಂದುಕೊಳ್ಳುತ್ತೇನೆ.

ಆಮೇಲೆ? 54 ವರ್ಷ ಏನೂ ಇಲ್ಲ. ಕಾರಣ ಹತ್ತಾರಿರಬಹುದು. ಆದರೆ ನನಗೆ ಎದ್ದು ಕಾಣೋದು ಇದು: ಕಾರ್ಖಾನೆಗಳು ಸೊರಗುತ್ತಾ ಬಂದ ಹಾಗೆ ಆಟಗಾರರಿಗೆ ಕೊಡುತ್ತಿದ್ದ ಕೆಲಸಗಳೂ ಸೊರಗಿದವು. 1996ರಲ್ಲಿ ಶುರುವಾದ ರಾಷ್ಟ್ರೀಯ ಲೀಗಿನಲ್ಲಿ ಐಟಿಐ ಆಡಿತ್ತು. 2010ರಲ್ಲಿ ಐ-ಲೀಗಿಗೆ ಏರಿದ ಎಚ್‌ಎಎಲ್ ಎರಡೇ ವರ್ಷಕ್ಕೆ ಕೆಳಗಿಳಿಯಿತು. ಹುಡುಗರಲ್ಲಿ ಆಟ ಇತ್ತು. ಬೇರು ಬಿಡೋಕೆ ಮಣ್ಣು ಇರಲಿಲ್ಲ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ್ದು, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿದ್ದು ನಿಮಗೆಲ್ಲ ಗೊತ್ತು. ಆ ಟೀಮಿನ ಕ್ಯಾಪ್ಟನ್ ಸುನಿಲ್ ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ವೃತ್ತಿಪರ ಆಟ ಶುರು ಮಾಡಿದ್ದು ಕಲ್ಕತ್ತೆಯ ಮೋಹನ್ ಬಾಗಾನ್‌ನಲ್ಲಿ. ಕಂಠೀರವದಲ್ಲಿ ಅವರು ಗೋಲು ಹೊಡೆದಾಗ ಕುಣಿದವರಲ್ಲಿ ಯಾರೂ ಅವರ ಟೀಸಿ ಕೇಳಲಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮತ್ತೆ ಮನೆಗೆ ತಂದಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಮ್, ರಾಬಿನ್ ಯಾದವ್. ‘ಕರ್ನಾಟಕ’ ಅಂತ ಎದೆ ಮೇಲೆ ಬರೆದುಕೊಂಡು ಆಡಿದ ಮೇಲೆ ಅವರು ನನಗೆ ಕರ್ನಾಟಕದವರೇ.

ಕಾಲೇಜುಗಳಲ್ಲೂ ಈ ಪಾಠ ಕಲಿತವರಿದ್ದಾರೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಬೇರೆ ಬೇರೆ ಜಿಲ್ಲೆಯ, ಬೇರೆ ರಾಜ್ಯದ ಕ್ರೀಡಾ ವಿದ್ಯಾರ್ಥಿಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲ ಉಚಿತವಾಗಿ ಕೊಡುತ್ತೆ. ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ವರ್ಷವರ್ಷ ಪದಕ ಬಾಚಿಕೊಳ್ಳೋದರ ಹಿಂದೆ ಇದೇ ಇರೋದು. ಹೊರಗಿನವರನ್ನು ಸೇರಿಸಿ ಗೆಲ್ಲೋದು ಸುಲಭ ಅಂತ ಗೊಣಗೋರಿಗೆ ನನ್ನದೊಂದು ಮಾತು: ಕರೆತರೋದು ಸುಲಭ. ಡಿಗ್ರಿ ಮುಗಿಯೋವರೆಗೆ ಸಾಕೋದು ಕಷ್ಟ.

ಇದು ನನಗೆ ಗೊತ್ತಾದದ್ದು ಆ ಚಿಕ್ಕನಾಯಕನಹಳ್ಳಿ ಕಡೆಯ ಹುಡುಗನಿಂದಲೇ. ಆ ವರ್ಷ ನಾವು ಕಪ್ಪು ಗೆದ್ದೆವು. ಮರುವರ್ಷ ಪ್ರಾಕ್ಟೀಸಿನಲ್ಲಿ ಜಿಗಿದು ಕೆಳಗಿಳಿಯುವಾಗ ಅವನ ಮೊಣಕಾಲು ತಿರುಚಿಕೊಂಡಿತು. ಒಂದು ತಿಂಗಳು ಕುಂಟಿದ. ಎರಡನೇ ತಿಂಗಳು ಹಾಸ್ಟೆಲ್ಲಿನವರು ಫೀಸು ಕೇಳೋಕೆ ಶುರು ಮಾಡಿದರು. ಅಪ್ಪನ ಒಂದೂವರೆ ಎಕರೆ ತೋಟದ ಕೊಬ್ಬರಿ ಇನ್ನೂ ಅಟ್ಟದ ಮೇಲಿತ್ತು. ಒಂದಿನ ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದವನನ್ನು ನಾನೇ ನೋಡಿದೆ. ಡಿಗ್ರಿ ಮುಗಿಸಲಿಲ್ಲ. ಅವನ ಜಾಗಕ್ಕೆ ನನ್ನನ್ನು ಮತ್ತೆ ಟೀಮಿಗೆ ಸೇರಿಸಿಕೊಂಡರು. ನಾನು ಬೇಡ ಅನ್ನಲಿಲ್ಲ.

ಮನೆಯಲ್ಲಿ ಈ ವಿಷಯ ಹೇಳಿದಾಗ ಅಪ್ಪ ತೋಟದಲ್ಲಿ ಸಸಿ ನೆಡೋಕೆ ಗುಂಡಿ ತೋಡಿಸುತ್ತಿದ್ದರು. ಬಿತ್ತನೆ ಕಾಯಿ ನಮ್ಮ ತೋಟದ್ದಲ್ಲ, ತಿಪಟೂರು ಹತ್ತಿರದ ನೆಂಟರ ಮನೆಯದು. ‘ಸಸಿ ಎಲ್ಲಿಂದ ತಂದ್ರೂ ಬರುತ್ತೆ ಕಣೋ,’ ಅಂದರು. ‘ತಂದ್ಮೇಲೆ ಮೂರು ಬೇಸಿಗೆ ನೀರು ಹೊಯ್ಯಬೇಕು. ಅದಾಗಲ್ಲ ಅಂದ್ರೆ ತರಬಾರದು.’

ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರೋ ನಮ್ಮಲ್ಲಿ ಮುಕ್ಕಾಲು ಪಾಲು ಜನ ಯಾವುದೋ ತಾಲ್ಲೂಕಿನಿಂದ ಟೀಸಿ ತಗೊಂಡು ಬಂದವರೇ. ನಮಗೆ ಯಾರೋ ಮೂರು ಬೇಸಿಗೆ ನೀರು ಹೊಯ್ದಿದ್ದಾರೆ, ಅದಕ್ಕೇ ನಿಂತಿದ್ದೀವಿ. ಕಾಲೇಜಿನ ಆಫೀಸಿನ ಗೋಡೆ ಮೇಲೆ ಆ ವರ್ಷದ ಟೀಮ್ ಫೋಟೋ ಇನ್ನೂ ಇದೆ. ಕಪ್ಪು ಹಿಡಿದು ನಡುವೆ ನಿಂತಿರೋನು ಅವನು. ಕೊನೆಯಲ್ಲಿ, ಟ್ರ್ಯಾಕ್ ಸೂಟ್ ಹಾಕಿಕೊಂಡು ಮುಖ ಊದಿಸಿಕೊಂಡಿರೋನು ನಾನು. ಡಿಗ್ರಿ ಸಿಕ್ಕಿದ್ದು ಮಾತ್ರ ನನಗೆ.