ಯಕೃತ್ತಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಸನ್ನಿ

ಯಕೃತ್ತಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಸನ್ನಿ ಎಂದರೆ ಯಕೃತ್ತಿನ (ಪಿತ್ತಜನಕಾಂಗದ) ಕ್ಯಾನ್ಸರ್ ಗಡ್ಡೆಯನ್ನು ತೆಗೆದ ಬಳಿಕ ರೋಗಿಯ ಗಮನಶಕ್ತಿ ಮತ್ತು ಅರಿವಿನಲ್ಲಿ ಹಠಾತ್ತನೆ ಉಂಟಾಗುವ ಏರುಪೇರು. ಇದು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಕೆಲವು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ದಿನದಲ್ಲಿ ಹೆಚ್ಚುಕಡಿಮೆಯಾಗುವುದು ಮತ್ತು ರಾತ್ರಿಯ ವೇಳೆ ಉಲ್ಬಣಿಸುವುದು ಇದರ ಸ್ವಭಾವ. ಸನ್ನಿಗೆ ಒಳಗಾದ ರೋಗಿಗಳು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯಬೇಕಾಗುತ್ತದೆ. ಬೀಳುವ, ನಳಿಕೆಗಳನ್ನು ಕಿತ್ತುಕೊಳ್ಳುವ ಹಾಗೂ ಮರಣದ ಅಪಾಯಗಳು ಅವರಲ್ಲಿ ಅಧಿಕ. ಅಪಾಯಕಾರಿ ಅಂಶಗಳಲ್ಲಿ ಅನೇಕವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಗುರುತಿಸಬಹುದು, ಕೆಲವನ್ನು ಸರಿಪಡಿಸಲೂ ಬಹುದು.

ಹೆಸರು ಮತ್ತು ಲಕ್ಷಣಗಳು

ಕನ್ನಡದ ‘ಸನ್ನಿ’ ಎಂಬ ಪದವು ಆಯುರ್ವೇದದ ‘ಸನ್ನಿಪಾತ’ದಿಂದ ಬಂದಿದೆ. ವಾತ, ಪಿತ್ತ, ಕಫಗಳು ಮೂರೂ ಒಟ್ಟಿಗೆ ಕೆರಳಿದ ಸ್ಥಿತಿಯನ್ನು ಆಯುರ್ವೇದವು ಸನ್ನಿಪಾತವೆನ್ನುತ್ತದೆ. ತೀವ್ರ ಜ್ವರದಲ್ಲಿ ರೋಗಿಯು ಅಸಂಬದ್ಧವಾಗಿ ಮಾತನಾಡುವುದನ್ನು ಜನಬಳಕೆಯಲ್ಲಿ ಸನ್ನಿ ಹಿಡಿಯುವುದು ಎನ್ನುತ್ತಾರೆ. ಆಧುನಿಕ ವೈದ್ಯಕೀಯದಲ್ಲಿ ಡೆಲಿರಿಯಂ ಎಂದು ಕರೆಯಲಾಗುವ ಸ್ಥಿತಿಗೆ ಈ ಪದವು ಸಮೀಪವಾಗಿದೆ.

ಸನ್ನಿಯಲ್ಲಿ ಮೂರು ವಿಧಗಳನ್ನು ಗುರುತಿಸಲಾಗಿದೆ. ಚಟುವಟಿಕೆ ಹೆಚ್ಚಿದ ವಿಧದಲ್ಲಿ ರೋಗಿಯು ಚಡಪಡಿಸುತ್ತಾನೆ, ಇಲ್ಲದ್ದನ್ನು ಕಾಣುತ್ತಾನೆ, ಹಾಸಿಗೆಯಿಂದ ಏಳಲು ಯತ್ನಿಸುತ್ತಾನೆ. ಚಟುವಟಿಕೆ ಕುಗ್ಗಿದ ವಿಧದಲ್ಲಿ ಮಂಪರು, ಮೌನ ಮತ್ತು ನಿಧಾನ ಪ್ರತಿಕ್ರಿಯೆ ಕಂಡುಬರುತ್ತವೆ. ಮೂರನೆಯದು ಇವೆರಡರ ಮಿಶ್ರಣ. ಕುಗ್ಗಿದ ವಿಧವು ವಯಸ್ಸಾದವರಲ್ಲಿ ಹೆಚ್ಚಾಗಿದ್ದು, ಅದನ್ನು ಆಯಾಸವೆಂದೋ ಅರಳುಮರಳು ಎಂದೋ ಭಾವಿಸಿ ಕಡೆಗಣಿಸುವ ಸಂಭವವೂ ಹೆಚ್ಚು. ಮರೆಗುಳಿ ರೋಗವು ತಿಂಗಳು ಮತ್ತು ವರ್ಷಗಳಲ್ಲಿ ನಿಧಾನವಾಗಿ ಬೆಳೆದರೆ ಸನ್ನಿಯು ಗಂಟೆ ಅಥವಾ ದಿನಗಳಲ್ಲಿ ಆರಂಭವಾಗುತ್ತದೆ. ಇವೆರಡರ ನಡುವಣ ಮುಖ್ಯ ವ್ಯತ್ಯಾಸ ಇದೇ.

ಯಕೃತ್ತಿನೊಂದಿಗಿನ ಸಂಬಂಧ

ಯಕೃತ್ತಿನ ಪ್ರಾಥಮಿಕ ಕ್ಯಾನ್ಸರ್‌ಗಳಲ್ಲಿ ಯಕೃತ್ಕೋಶಗಳ ಕ್ಯಾನ್ಸರ್ ಅತಿ ಸಾಮಾನ್ಯವಾದುದು. ಇದು ಬಹುಪಾಲು ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯಪಾನ ಅಥವಾ ಕೊಬ್ಬು ಶೇಖರಣೆಯಿಂದ ಮೊದಲೇ ಹಾನಿಗೊಂಡ ಯಕೃತ್ತಿನಲ್ಲಿ ಹುಟ್ಟುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ಭಾಗವೂ ಪೂರ್ಣ ಆರೋಗ್ಯವಾಗಿರುವುದಿಲ್ಲ.

ಕರುಳಿನಲ್ಲಿ ಉತ್ಪತ್ತಿಯಾಗುವ ಅಮೋನಿಯವನ್ನು ಯಕೃತ್ತು ಯೂರಿಯವಾಗಿ ಪರಿವರ್ತಿಸುತ್ತದೆ. ಈ ಕೆಲಸ ಕುಂಠಿತವಾದಾಗ ಅಮೋನಿಯವು ರಕ್ತದ ಮೂಲಕ ಮಿದುಳನ್ನು ತಲುಪಿ ಯಕೃತ್ತಿನ ಮಿದುಳುವ್ಯಾಧಿಗೆ ಕಾರಣವಾಗುತ್ತದೆ. ಅರಿವಳಿಕೆಯ, ನಿದ್ರಾಜನಕ ಮತ್ತು ನೋವುನಿವಾರಕ ಔಷಧಗಳಲ್ಲಿ ಹಲವನ್ನು ವಿಘಟಿಸುವುದೂ ಯಕೃತ್ತೇ. ಅದರ ಒಂದು ಭಾಗವನ್ನು ತೆಗೆದಾಗ ಸಾಮಾನ್ಯ ಪ್ರಮಾಣದ ಔಷಧವೂ ದೇಹದಲ್ಲಿ ಹೆಚ್ಚು ಹೊತ್ತು ಉಳಿಯಬಹುದು.

ಅಪಾಯಕಾರಿ ಅಂಶಗಳು

ಅಮೆರಿಕದ ವೃದ್ಧಾರೋಗ್ಯ ತಜ್ಞೆ ಶರಾನ್ ಇನೋಯೆ ಮತ್ತು ಸಹಸಂಶೋಧಕರು 1990ರ ದಶಕದಲ್ಲಿ ಸನ್ನಿಯ ಕಾರಣಗಳನ್ನು ಎರಡು ಗುಂಪುಗಳಾಗಿ ವಿವರಿಸಿದರು: ರೋಗಿಯಲ್ಲಿ ಮೊದಲೇ ಇರುವ ದೌರ್ಬಲ್ಯಗಳು ಮತ್ತು ಆಸ್ಪತ್ರೆಯಲ್ಲಿ ಎದುರಾಗುವ ಪ್ರಚೋದಕಗಳು. ಮೊದಲ ಗುಂಪಿನ ಹೊರೆ ಹೆಚ್ಚಿದ್ದವರಲ್ಲಿ ಚಿಕ್ಕ ಪ್ರಚೋದಕವೂ ಸನ್ನಿಗೆ ಸಾಕಾಗುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಇರುವ ಅಂಶಗಳು:
* ಹೆಚ್ಚಿನ ವಯಸ್ಸು, ವಿಶೇಷವಾಗಿ 65 ವರ್ಷ ಮೀರಿರುವುದು.
* ಮರೆಗುಳಿತನ, ಹಿಂದಿನ ಪಾರ್ಶ್ವವಾಯು ಅಥವಾ ಹಿಂದೊಮ್ಮೆ ಸನ್ನಿ ಬಂದಿರುವುದು.
* ಸಿರೋಸಿಸ್. ಇದರ ತೀವ್ರತೆಯನ್ನು ಚೈಲ್ಡ್–ಪ್ಯೂ ಅಂಕದಿಂದ ಅಳೆಯುತ್ತಾರೆ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯಲ್ಲಿನ ನೀರು ಮತ್ತು ಮಿದುಳುವ್ಯಾಧಿ ಎಂಬ ಐದು ಅಂಶಗಳನ್ನು ಅದು ಒಳಗೊಂಡಿದೆ.
* ಅಪೌಷ್ಟಿಕತೆ, ರಕ್ತಹೀನತೆ ಮತ್ತು ಸ್ನಾಯುಕ್ಷಯ.
* ಮದ್ಯಪಾನದ ಅಭ್ಯಾಸ. ಕುಡಿತ ಥಟ್ಟನೆ ನಿಂತಾಗ ಸಾಮಾನ್ಯವಾಗಿ 48 ರಿಂದ 96 ಗಂಟೆಗಳಲ್ಲಿ ನಡುಕ, ಬೆವರು ಮತ್ತು ಭ್ರಮೆಗಳೊಡನೆ ಸನ್ನಿ ಕಾಣಿಸಿಕೊಳ್ಳಬಹುದು.
* ನಿದ್ರೆಮಾತ್ರೆಗಳ ದೀರ್ಘಕಾಲದ ಬಳಕೆ, ಒಟ್ಟಿಗೆ ಅನೇಕ ಔಷಧಗಳ ಸೇವನೆ.
* ದೃಷ್ಟಿ ಮತ್ತು ಶ್ರವಣ ದೋಷ.

ಶಸ್ತ್ರಚಿಕಿತ್ಸೆಯ ವೇಳೆಯ ಅಂಶಗಳು:
* ಯಕೃತ್ತಿನ ದೊಡ್ಡ ಭಾಗವನ್ನು ತೆಗೆಯುವುದು.
* ದೀರ್ಘಾವಧಿಯ ಶಸ್ತ್ರಚಿಕಿತ್ಸೆ, ಅಧಿಕ ರಕ್ತಸ್ರಾವ ಮತ್ತು ರಕ್ತ ನೀಡಿಕೆ.
* ರಕ್ತದೊತ್ತಡದ ಕುಸಿತ. ರಕ್ತಸ್ರಾವವನ್ನು ತಗ್ಗಿಸಲು ಯಕೃತ್ತಿಗೆ ರಕ್ತ ಒಯ್ಯುವ ನಾಳಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಪ್ರಿಂಗಲ್ ವಿಧಾನವು (1908) ದೀರ್ಘವಾದರೆ ಉಳಿದ ಯಕೃತ್ತಿಗೂ ಪೆಟ್ಟು ಬೀಳುತ್ತದೆ.

ಶಸ್ತ್ರಚಿಕಿತ್ಸೆಯ ನಂತರದ ಅಂಶಗಳು:
* ಯಕೃತ್ತಿನ ವೈಫಲ್ಯ. 2011ರ ಅಂತರರಾಷ್ಟ್ರೀಯ ವ್ಯಾಖ್ಯೆಯು ಐದನೆಯ ದಿನ ಅಥವಾ ಆನಂತರ ಬಿಲಿರುಬಿನ್ ಮತ್ತು ಹೆಪ್ಪುಗಟ್ಟುವಿಕೆಯ ಸೂಚ್ಯಂಕಗಳು ಏರಿರುವುದನ್ನು ಆಧಾರವಾಗಿ ಪರಿಗಣಿಸುತ್ತದೆ.
* ಸೋಂಕು, ಆಮ್ಲಜನಕದ ಕೊರತೆ, ನಿರ್ಜಲೀಕರಣ, ಸೋಡಿಯಂ ವ್ಯತ್ಯಯ.
* ಹತೋಟಿಗೆ ಬಾರದ ನೋವು ಹಾಗೂ ಅತಿಯಾದ ಓಪಿಯಾಯ್ಡ್ ಬಳಕೆ. ಇವೆರಡೂ ಅಪಾಯಕಾರಿಯಾದ್ದರಿಂದ ನೋವು ನಿರ್ವಹಣೆಯಲ್ಲಿ ಸಮತೋಲನ ಅಗತ್ಯ.
* ಮಲಬದ್ಧತೆ, ಮೂತ್ರ ಕಟ್ಟುವಿಕೆ, ಅನಗತ್ಯವಾಗಿ ಉಳಿಸಿದ ಮೂತ್ರನಳಿಕೆ, ಕೈಕಾಲು ಕಟ್ಟಿಹಾಕುವುದು.
* ತೀವ್ರ ನಿಗಾ ಘಟಕದ ನಿರಂತರ ಬೆಳಕು, ಸದ್ದು ಮತ್ತು ನಿದ್ರಾಭಂಗ.

ಪತ್ತೆ

1990ರಲ್ಲಿ ಇನೋಯೆ ಮತ್ತಿತರರು ಪ್ರಕಟಿಸಿದ ಗೊಂದಲ ಮೌಲ್ಯಮಾಪನ ವಿಧಾನವು ವ್ಯಾಪಕ ಬಳಕೆಯಲ್ಲಿದೆ. ಹಠಾತ್ ಆರಂಭ ಮತ್ತು ಏರಿಳಿತ, ಗಮನದ ಕೊರತೆ, ಅಸಂಬದ್ಧ ಆಲೋಚನೆ, ಪ್ರಜ್ಞಾಮಟ್ಟದ ಬದಲಾವಣೆ ಎಂಬ ನಾಲ್ಕು ಲಕ್ಷಣಗಳನ್ನು ಅದು ಪರಿಶೀಲಿಸುತ್ತದೆ. ಮೊದಲೆರಡರ ಜೊತೆಗೆ ಉಳಿದೆರಡರಲ್ಲಿ ಒಂದಾದರೂ ಇದ್ದರೆ ಸನ್ನಿ ಎಂದು ನಿರ್ಧರಿಸಲಾಗುತ್ತದೆ. ಕೃತಕ ಉಸಿರಾಟದಲ್ಲಿರುವ ರೋಗಿಗಳಿಗಾಗಿ 2001ರಲ್ಲಿ ಇದರ ಪ್ರತ್ಯೇಕ ರೂಪ ಸಿದ್ಧವಾಯಿತು.

ಹಠಾತ್ ಬದಲಾವಣೆಯನ್ನು ಗುರುತಿಸಲು ರೋಗಿಯ ಮೊದಲಿನ ಸ್ಥಿತಿ ತಿಳಿದಿರಬೇಕು. ಇದನ್ನು ಹೇಳಬಲ್ಲವರು ಮನೆಯವರು. ಯಕೃತ್ತಿನ ರೋಗಿಗಳಲ್ಲಿ ಚಾಚಿದ ಕೈಗಳು ರೆಕ್ಕೆ ಬಡಿದಂತೆ ಅದುರುವುದು ಮಿದುಳುವ್ಯಾಧಿಯ ಸೂಚನೆಯಾಗಿದ್ದು, ಅದರ ಚಿಕಿತ್ಸೆ ಬೇರೆಯಾದ್ದರಿಂದ ಪ್ರತ್ಯೇಕವಾಗಿ ಪರೀಕ್ಷಿಸಲಾಗುತ್ತದೆ.

ತಡೆ ಮತ್ತು ಚಿಕಿತ್ಸೆ

1999ರಲ್ಲಿ ಪ್ರಕಟವಾದ, 70 ವರ್ಷ ಮೀರಿದ 852 ಒಳರೋಗಿಗಳ ಅಧ್ಯಯನವು ಔಷಧೇತರ ಕ್ರಮಗಳ ಮಹತ್ವವನ್ನು ತೋರಿಸಿತು. ಸಮಯ ಮತ್ತು ಸ್ಥಳದ ಅರಿವು ಮೂಡಿಸುವುದು, ನಿದ್ರೆಗೆ ಅನುಕೂಲ, ಬೇಗ ಓಡಾಡಿಸುವುದು, ಕನ್ನಡಕ ಮತ್ತು ಶ್ರವಣಯಂತ್ರದ ಬಳಕೆ, ಸಾಕಷ್ಟು ನೀರು ಕುಡಿಸುವುದು ಇವುಗಳಲ್ಲಿ ಸೇರಿದ್ದವು. ಈ ಕ್ರಮಗಳನ್ನು ಪಾಲಿಸಿದವರಲ್ಲಿ ಶೇ. 9.9 ಮಂದಿಗೂ ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇ. 15 ಮಂದಿಗೂ ಸನ್ನಿ ಉಂಟಾಯಿತು. ಆ ರೋಗಿಗಳು ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲದಿದ್ದರೂ ಇದೇ ಕ್ರಮಗಳನ್ನು ಈಗ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿಯೂ ಅನುಸರಿಸಲಾಗುತ್ತಿದೆ.

ಸನ್ನಿ ಆರಂಭವಾದ ಮೇಲೆ ಮೂಲಕಾರಣವನ್ನು ಹುಡುಕಿ ಸರಿಪಡಿಸುವುದೇ ಮುಖ್ಯ ಚಿಕಿತ್ಸೆ. ತೀವ್ರ ನಿಗಾ ಘಟಕಗಳಲ್ಲಿ ನಡೆದ 2018ರ ಒಂದು ದೊಡ್ಡ ಪರೀಕ್ಷೆಯಲ್ಲಿ ಹ್ಯಾಲೊಪೆರಿಡಾಲ್ ಔಷಧವು ಸನ್ನಿಯ ಅವಧಿಯನ್ನು ಕಡಿಮೆ ಮಾಡಲಿಲ್ಲ. ಬೆಂಜೊಡೈಅಜೆಪಿನ್ ವರ್ಗದ ನಿದ್ರಾಜನಕಗಳು ಸನ್ನಿಯನ್ನು ಹೆಚ್ಚಿಸಬಲ್ಲವು. ಆದರೆ ಮದ್ಯ ನಿಲುಗಡೆಯಿಂದಾದ ಸನ್ನಿಗೆ ಅವೇ ಚಿಕಿತ್ಸೆ, ಜೊತೆಗೆ ಥಯಮಿನ್ ಕೊಡಲಾಗುತ್ತದೆ. ಆದ್ದರಿಂದ ಕುಡಿತದ ವಿಷಯವನ್ನು ಸಂಕೋಚದಿಂದ ಮುಚ್ಚಿಟ್ಟರೆ ರೋಗಿಯ ಜೀವಕ್ಕೇ ಅಪಾಯವಾಗಬಹುದು. ಅಮೋನಿಯ ಸಂಬಂಧಿ ತೊಂದರೆಗೆ ಲ್ಯಾಕ್ಟುಲೋಸ್ ಬಳಸುತ್ತಾರೆ.

ಉತ್ತರ ಕನ್ನಡದ ಸಂದರ್ಭ

ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿ ಹಾಗೂ ಶಿರಸಿ, ಸಿದ್ದಾಪುರ ಸೀಮೆಯ ಹಳ್ಳಿಗಳಿಂದ ದೊಡ್ಡ ಶಸ್ತ್ರಚಿಕಿತ್ಸೆಗಳಿಗಾಗಿ ರೋಗಿಗಳು ಹುಬ್ಬಳ್ಳಿ, ಮಣಿಪಾಲ ಅಥವಾ ಬೆಂಗಳೂರಿಗೆ ಹೋಗುವುದು ರೂಢಿ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಾಗಿದೆ. ಜಿಲ್ಲೆಯಲ್ಲಿಯೇ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬೇಡಿಕೆಯು 2022ರಲ್ಲಿ ಶಿರೂರು ಟೋಲ್ ಬಳಿ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಅಪಘಾತಕ್ಕೀಡಾದ ಬಳಿಕ ತೀವ್ರಗೊಂಡಿತು.

ದೂರದ ಆಸ್ಪತ್ರೆಯಲ್ಲಿ ಅಪರಿಚಿತ ಪರಿಸರ ಮತ್ತು ಮನೆಯವರ ಗೈರುಹಾಜರಿ ಒಟ್ಟುಗೂಡುತ್ತವೆ. ಭಾಷೆಯೂ ಒಂದು ಅಂಶ. ಈ ಸೀಮೆಯಲ್ಲಿ ಹವ್ಯಕ ಕನ್ನಡ, ಸಿದ್ದಿ ಸಮುದಾಯದ ಕೊಂಕಣಿ, ಗೌಳಿಗರ ಮರಾಠಿ ಮನೆಮಾತುಗಳಾಗಿವೆ. ರೋಗಿಗೆ ಪರಿಚಯವಿಲ್ಲದ ಭಾಷೆಯಲ್ಲಿ ಪ್ರಶ್ನಿಸಿದರೆ ಉತ್ತರ ತಪ್ಪಿದ್ದು ಸನ್ನಿಯಿಂದಲೋ ಭಾಷೆಯಿಂದಲೋ ತಿಳಿಯದು. ಇಂಗ್ಲಿಷ್ ತಿಂಗಳುಗಳ ಬದಲು ವಾರದ ದಿನಗಳನ್ನು ಹಿಮ್ಮುಖವಾಗಿ ಹೇಳಿಸುವುದು ಓದುಬರಹ ಬಾರದವರಿಗೆ ಅನುಕೂಲಕರ. ತಂಬಾಕು ಸೇರಿದ ಕವಳ ಹಾಕುವ ಅಭ್ಯಾಸವಿದ್ದವರಲ್ಲಿ ಅದು ಥಟ್ಟನೆ ನಿಂತಾಗ ಚಡಪಡಿಕೆ ಮತ್ತು ನಿದ್ರಾಹೀನತೆ ಉಂಟಾಗಬಹುದಾದ್ದರಿಂದ ಈ ವಿವರವನ್ನೂ ವೈದ್ಯರಿಗೆ ತಿಳಿಸುವುದು ಉಚಿತ. ಬಹುಪಾಲು ರೋಗಿಗಳಲ್ಲಿ ಸನ್ನಿಯು ದಿನಗಳಲ್ಲಿ ಅಥವಾ ವಾರಗಳಲ್ಲಿ ಇಳಿಯುತ್ತದೆಯಾದರೂ ಕೆಲವರಲ್ಲಿ ನೆನಪು ಮತ್ತು ಏಕಾಗ್ರತೆಯ ತೊಂದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ಊರಿಗೆ ಮರಳಿದ ಮೇಲೂ ಮನೆಯವರ ನಿಗಾ ಅಗತ್ಯ.

ಇವನ್ನೂ ನೋಡಿ

* ಯಕೃತ್ತು
* ಸಿರೋಸಿಸ್
* ಹೆಪಟೈಟಿಸ್ ಬಿ
* ಅರಿವಳಿಕೆ
* ಮರೆಗುಳಿ ರೋಗ